ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಉದ್ಯಮ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಪಟ್ಟಣದಲ್ಲಿ ನೆಲೆಯೂರಿರುವ, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಸಣ್ಣ ಕೈಗಾರಿಕೆ. ಸುತ್ತಲಿನ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳ ಹಿಪ್ಪುನೇರಳೆ ತೋಟಗಳೂ ಹುಳು ಮನೆಗಳೂ ಇದಕ್ಕೆ ಆಧಾರ. ಇಲ್ಲಿನ ನೂಲು ಕಾಂಚೀಪುರ, ಧರ್ಮಾವರಂ, ವಾರಾಣಸಿಯ ಮಗ್ಗಗಳಿಗೆ ಹೋಗುತ್ತದೆ. ಹಡಗು ಹತ್ತಿ ಹೊರದೇಶಕ್ಕೆ ಹೋಗುವುದು ಕಡಿಮೆ. ಆದರೂ ಜಾಗತಿಕ ವ್ಯಾಪಾರದ ಏಟು ತಿಂದು, ತಡೆದುಕೊಂಡು, ಅದಕ್ಕೆ ತಕ್ಕಂತೆ ಬದಲಾದ ಉದ್ಯಮವೆಂದು ಕರ್ನಾಟಕದಲ್ಲಿ ಮೊದಲು ಹೆಸರಿಸಬೇಕಾದದ್ದು ಇದನ್ನೇ. ಚೀನಾದ ನೂಲು ತನ್ನ ಮನೆಬಾಗಿಲಿಗೇ ಬಂದಾಗ ಅದರ ಎದುರು ನಿಂತದ್ದು ಈ ಉದ್ಯಮದ ಸಾಧನೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆ ಹಾಕಿದವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಅವನು ಬಂಗಾಳದಿಂದ ಹುಳುಗಳನ್ನು ತರಿಸಿದ. ಮುಂದಿನ ನೂರು ವರ್ಷಗಳಲ್ಲಿ ಹುಳುಗಳಿಗೆ ರೋಗ ಬಡಿದು ಬೆಳೆ ಪದೇ ಪದೇ ಕುಸಿಯಿತು. 19ನೇ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ಕಟ್ಟಿದರು. ಮೈಸೂರು ಸರ್ಕಾರ 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ತೆರೆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಬಿತ್ತನೆ ಗೂಡಿನ ಕೆಲಸವೂ ಸರ್ಕಾರಿ ರೇಷ್ಮೆ ಇಲಾಖೆಯೂ ಗಟ್ಟಿಯಾದವು.

ಅಷ್ಟರಲ್ಲೇ ಹೊರಗಿನ ಪೈಪೋಟಿಯೂ ಶುರುವಾಗಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆಯ ಜತೆಗೆ ಕೃತಕ ರೇಷ್ಮೆಯೂ ಬಂದು ಬೆಲೆ ನೆಲ ಕಚ್ಚಿತು. 1933ರಲ್ಲಿ ಭಾರತೀಯ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಬೆಲೆ ಏರಿತು, ಯುದ್ಧ ಮುಗಿದ ಮೇಲೆ ಇಳಿಯಿತು. ಸುಂಕ ಏರಿದರೆ ಉಸಿರಾಟ, ಇಳಿದರೆ ಉಬ್ಬಸ ಎಂಬ ಈ ಪಾಡು ಮುಂದಿನ ಎಂಬತ್ತು ವರ್ಷ ತಪ್ಪಲಿಲ್ಲ.

ಶಿಡ್ಲಘಟ್ಟದ ಬೆಳವಣಿಗೆಗೆ ಬೆನ್ನೆಲುಬಾದದ್ದು ಗೂಡಿನ ಮಾರುಕಟ್ಟೆ. 1959ರ ಕಾಯ್ದೆಯಿಂದ ಮೊದಲ್ಗೊಂಡು ಬಂದ ನಿಯಮಗಳು ಗೂಡು ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿನೊಳಗೆ ತಂದವು. ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಹುಟ್ಟಿತು. ರಾಮನಗರದ ಮಾರುಕಟ್ಟೆ ದೊಡ್ಡದು, ಅದರ ನಂತರದ ಹೆಸರು ಶಿಡ್ಲಘಟ್ಟದ್ದು. ರೈತ ಬೆಳಿಗ್ಗೆ ಗೂಡು ತಂದು ಸುರಿಯುತ್ತಾನೆ. ಬಿಚ್ಚಾಣಿಕೆದಾರರು ಲಾಟಿನಿಂದ ಲಾಟಿಗೆ ಹೋಗುತ್ತಾ ಹಿಡಿ ಗೂಡು ಎತ್ತಿ ಅದುಮಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ. ಪದರ ಗಟ್ಟಿಯಿದೆಯೇ, ಒಳಗೆ ಹುಳು ಸತ್ತು ಕಲೆಯಾಗಿದೆಯೇ, ಜೋಡಿ ಗೂಡುಗಳು ಎಷ್ಟಿವೆ ಎಂಬುದನ್ನು ಕೈಯೇ ಹೇಳುತ್ತದೆ. ಹಿಂದೆ ಕೂಗಿ ಬೆಲೆ ಏರಿಸುತ್ತಿದ್ದವರು ಈಗ ಮೊಬೈಲಿನಲ್ಲಿ ಬಿಡ್ ಒತ್ತುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಳದಲ್ಲಿ ಕೇಳುತ್ತವೆ: ಬೆಳೆಗಾರರು ಸುತ್ತಲ ಹಳ್ಳಿಗಳ ರೈತರು, ಬಿಚ್ಚಾಣಿಕೆದಾರರಲ್ಲಿ ಬಹಳ ಮಂದಿ ಪಟ್ಟಣದ ಮುಸ್ಲಿಂ ಕುಟುಂಬಗಳವರು. ಯಾವ ದೊಡ್ಡ ಕಂಪನಿಯೂ ಸ್ವಂತವಾಗಿ ಕಟ್ಟಿಕೊಳ್ಳಲಾಗದ ಈ ವ್ಯವಸ್ಥೆ ನೂರಾರು ಸಣ್ಣ ಘಟಕಗಳಿಗೆ ದಿನವೂ ಕಚ್ಚಾ ಮಾಲು ಒದಗಿಸಿತು. ಇಲ್ಲಿ ಕಾರ್ಖಾನೆ ಎಂದರೆ ಮನೆಯ ಪಕ್ಕದ ಶೆಡ್ಡು, ನಾಲ್ಕಾರು ಬೇಸಿನ್, ಒಂದು ಬಾಯ್ಲರ್.

ನೂಲು ತೆಗೆಯುವ ಕೆಲಸ ಬಿಸಿನೀರಿನಲ್ಲಿ ನಡೆಯುತ್ತದೆ. ಗೂಡನ್ನು ಬೇಯಿಸಿದಾಗ ಎಳೆಗಳನ್ನು ಅಂಟಿಸಿರುವ ಗೋಂದು ಮೆತ್ತಗಾಗುತ್ತದೆ. ಆಗ ತುದಿ ಹಿಡಿದು, ಎಂಟು-ಹತ್ತು ಗೂಡುಗಳ ಎಳೆಗಳನ್ನು ಒಂದಾಗಿಸಿ ಸುತ್ತುತ್ತಾರೆ. ಒಂದು ಗೂಡು ಮುಗಿದ ಕ್ಷಣಕ್ಕೇ ಇನ್ನೊಂದರ ತುದಿ ಸೇರಿಸಬೇಕು. ತಡವಾದರೆ ನೂಲು ಆ ಜಾಗದಲ್ಲಿ ತೆಳುವಾಗುತ್ತದೆ, ಎರಡು ಸೇರಿದರೆ ದಪ್ಪವಾಗುತ್ತದೆ. ಹಳೆಯ ಕೈ ಸಾಧನವಾದ ಚರಕದಲ್ಲಿ ಇದು ಪೂರ್ತಿ ಕಣ್ಣಂದಾಜು. ಅದರ ಸುಧಾರಿತ ರೂಪವಾದ ಕಾಟೇಜ್ ಬೇಸಿನ್‌ನಲ್ಲಿ ಸ್ವಲ್ಪ ಹಿಡಿತ ಬಂತು, ಮಲ್ಟಿ-ಎಂಡ್ ಬೇಸಿನ್‌ನಲ್ಲಿ ಇನ್ನಷ್ಟು.

ಚೀನಾ ಗೆದ್ದದ್ದು ನೂಲಿನ ದಪ್ಪದ ಈ ಏಕರೂಪತೆಯಲ್ಲೇ. ಕರ್ನಾಟಕದಲ್ಲಿ ಬೆಳೆಯುತ್ತಿದ್ದುದು ಹೆಚ್ಚಾಗಿ ಹಳದಿ ಬಣ್ಣದ ಮಿಶ್ರತಳಿ ಗೂಡು. ಬಿಸಿಲು, ಬರ, ಬಡ ರೈತನ ಇಕ್ಕಟ್ಟಾದ ಹುಳು ಮನೆ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ, ಆದರೆ ಅದರ ಎಳೆ ಗಿಡ್ಡ. ವಿದ್ಯುತ್ ಮಗ್ಗದ ಹಾಸಿಗೆ (ಉದ್ದದ ಎಳೆಗೆ) ಹಾಕಿದರೆ ನೂಲು ತುಂಡಾಗುತ್ತಿತ್ತು. ಹಾಗಾಗಿ ನೇಕಾರರು ಹಾಸಿಗೆ ಚೀನಾ ನೂಲು, ಹೊಕ್ಕಿಗೆ (ಅಡ್ಡ ಎಳೆಗೆ) ನಮ್ಮ ನೂಲು ಎಂದು ಬಳಸತೊಡಗಿದರು. 2000ರ ದಶಕದ ಮೊದಲಾರ್ಧದಲ್ಲಿ ಭಾರತಕ್ಕೆ ವರ್ಷಕ್ಕೆ ಎಂಟು-ಒಂಬತ್ತು ಸಾವಿರ ಟನ್ ಕಚ್ಚಾ ರೇಷ್ಮೆ ಆಮದಾಗುತ್ತಿತ್ತು. ಅದರ ಬೆಲೆಯ ಏರಿಳಿತ ಶಿಡ್ಲಘಟ್ಟದ ಹರಾಜುಕಟ್ಟೆಯಲ್ಲಿ ಅದೇ ವಾರ ಕಾಣಿಸುತ್ತಿತ್ತು. 2003ರಲ್ಲಿ ಚೀನಾದ ನೂಲಿನ ಮೇಲೆ ಸುರಿವಿಕೆ ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕ ಬಿತ್ತು. 2011ರ ಕೇಂದ್ರ ಬಜೆಟ್ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಮುಂದೆ ಶೇ. 10ಕ್ಕೆ ಇಳಿದಿದ್ದ ಸುಂಕ 2021ರಲ್ಲಿ ಮರಳಿ ಶೇ. 15 ಆಯಿತು.

ಸುಂಕ ಸಮಯ ಕೊಡಿಸಿತು. ಆ ಸಮಯಕ್ಕೆ ಬೆಲೆ ಬಂದದ್ದು ಸಂಶೋಧನೆಯಿಂದ. ಜಪಾನಿನ ನೆರವಿನೊಂದಿಗೆ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ದ್ವಿತಳಿ (ಬೈವೋಲ್ಟೈನ್) ಹುಳುವಿನ ಯೋಜನೆ ನಡೆಯಿತು. ಕೇಂದ್ರ ರೇಷ್ಮೆ ಮಂಡಳಿಯ ಮೈಸೂರು ಸಂಶೋಧನಾ ಸಂಸ್ಥೆ ಸಿಎಸ್‌ಆರ್ 2 × ಸಿಎಸ್‌ಆರ್ 4 ಎಂಬ ದ್ವಿತಳಿ ಹುಳುವನ್ನೂ ವಿ-1 ಎಂಬ ಹಿಪ್ಪುನೇರಳೆ ತಳಿಯನ್ನೂ ಕೊಟ್ಟಿತು. ಈ ಹುಳುವಿನ ಬಿಳಿ ಗೂಡಿನಲ್ಲಿ ಸುಮಾರು 1,000 ಮೀಟರ್ ಎಳೆ ಸಿಗುತ್ತದೆ. ಒಂದು ಕಿಲೋ ನೂಲಿಗೆ ಮಿಶ್ರತಳಿಯಲ್ಲಿ ಎಂಟು-ಒಂಬತ್ತು ಕಿಲೋ ಗೂಡು ಬೇಕಾದರೆ, ಒಳ್ಳೆಯ ದ್ವಿತಳಿಯಲ್ಲಿ ಆರೂವರೆ ಕಿಲೋ ಸಾಕು. ಆದರೆ ಈ ಹುಳು ನಾಜೂಕಿನದು. ಮರಿಹುಳುಗಳನ್ನು ಚಾಕಿ ಕೇಂದ್ರದಲ್ಲಿ ಸಾಕಿ ರೈತನಿಗೆ ಕೊಡುವುದು, ಪ್ರತ್ಯೇಕ ಹುಳು ಮನೆ, ಸೋಂಕು ನಿವಾರಣೆ, 1980ರಲ್ಲಿ ರಾಜ್ಯಕ್ಕೆ ಕಾಲಿಟ್ಟ, ಹುಳುವಿಗೆ ಪಿಡುಗಾದ ಊಜಿ ನೊಣಕ್ಕೆ ಕಿಟಕಿಗೆಲ್ಲ ಬಲೆ, ಇಷ್ಟೂ ಕೂಡಿದಾಗಲೇ ಬೆಳೆ ಕೈಗೆ ಬರುವುದು. ಕೊಳವೆಬಾವಿ ಆಳಕ್ಕಿಳಿದಿರುವ ಈ ಜಿಲ್ಲೆಯಲ್ಲಿ ಹನಿ ನೀರಾವರಿಯಿಂದ ಬದುಕುವ ಹಿಪ್ಪುನೇರಳೆ ರೈತನಿಗೆ ಒಗ್ಗಿದ್ದೂ ಸುಲಭವಾಗಿ ಅರ್ಥವಾಗುವ ಮಾತು. ದೇಶದ ದ್ವಿತಳಿ ರೇಷ್ಮೆ ಉತ್ಪಾದನೆ 2021-22ರಲ್ಲಿ 7,000 ಟನ್‌ಗಿಂತ ಹೆಚ್ಚಿತ್ತು. ಆಮದು 2000ರ ದಶಕದ ಮಟ್ಟಕ್ಕಿಂತ ಬಹಳ ಕೆಳಗಿಳಿಯಿತು.

ಯಂತ್ರದ ಬದಲಾವಣೆ ಕೊನೆಗೆ ಬಂತು. ನೂಲಿನ ದಪ್ಪವನ್ನು ತಾನೇ ಗ್ರಹಿಸಿ, ತೆಳುವಾದೊಡನೆ ಹೊಸ ಗೂಡಿನ ಎಳೆ ಸೇರಿಸುವ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಸರ್ಕಾರದ ಸಹಾಯಧನದೊಂದಿಗೆ ಮೊದಲು ಚೀನಾದಿಂದಲೇ ಆಮದಾದವು. ಪ್ರತಿಸ್ಪರ್ಧಿಯ ಯಂತ್ರವನ್ನೇ ತಂದು ಅವನ ನೂಲಿಗೆ ಸರಿಗಟ್ಟುವ ನೂಲು ತೆಗೆದದ್ದು ಈ ಉದ್ಯಮದ ಇತಿಹಾಸದಲ್ಲಿ ನಿಜಕ್ಕೂ ದೊಡ್ಡ ತಿರುವು. ಹಾಸಿಗೆ ಸಲ್ಲುವ ನೂಲು ಶಿಡ್ಲಘಟ್ಟದಲ್ಲೂ ಸಿಗತೊಡಗಿತು. ಉಪ ಉತ್ಪನ್ನಗಳೂ ವ್ಯರ್ಥವಾಗುವುದಿಲ್ಲ: ಸತ್ತ ಹುಳು ಎಣ್ಣೆಗೂ ಕೋಳಿ-ಮೀನುಗಳ ಆಹಾರಕ್ಕೂ ಹೋಗುತ್ತದೆ, ಬಿಚ್ಚಲಾಗದ ಎಳೆ ಸ್ಪನ್ ಸಿಲ್ಕ್ ಗಿರಣಿಗೆ.

ಇದೇ ಜಿಲ್ಲೆಯಲ್ಲಿ ಜಾಗತಿಕ ವ್ಯಾಪಾರದ ಇನ್ನೊಂದು ಬಗೆಯೂ ಇದೆ. ಬೆಂಗಳೂರಿನ ಸಿದ್ಧ ಉಡುಪು ಉದ್ಯಮ ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆಗೆ ಹರಡಿತು. ಉಡುಪು ರಫ್ತಿನ ದೇಶವಾರು ಕೋಟಾ ಪದ್ಧತಿ 2005ರ ಜನವರಿಯಲ್ಲಿ ಕೊನೆಗೊಂಡ ಮೇಲೆ ಅದರ ಪೈಪೋಟಿ ನೇರವಾಗಿ ಬಾಂಗ್ಲಾದೇಶ, ವಿಯೆಟ್ನಾಂಗಳೊಂದಿಗೆ. ಅಲ್ಲಿ ವಿನ್ಯಾಸ ಮತ್ತು ಬೆಲೆ ಎರಡೂ ಖರೀದಿದಾರನ ಕೈಯಲ್ಲಿರುತ್ತವೆ. ಆದರೆ ರೇಷ್ಮೆಯಲ್ಲಿ ಗೂಡಿನಿಂದ ಸೀರೆಯವರೆಗಿನ ಸರಪಳಿ ಬಹುಪಾಲು ದೇಶದೊಳಗೇ ಇದೆ.

ಈ ಏಳಿಗೆಯ ಕಥೆಯಲ್ಲಿ ಕೂಲಿಯವರನ್ನು ಮರೆಯುವಂತಿಲ್ಲ. ಸುಡುವ ಬಿಸಿನೀರಿಗೆ ದಿನವಿಡೀ ಕೈ ಅದ್ದುವ ಬಿಚ್ಚಾಣಿಕೆಯವರ ಬೆರಳು ಸುಕ್ಕುಗಟ್ಟಿ ಬಿರಿಯುತ್ತವೆ, ಹಬೆ ಮತ್ತು ಹುಳುವಿನ ವಾಸನೆಯ ನಡುವೆ ಉಸಿರಾಟದ ತೊಂದರೆ ಸಾಮಾನ್ಯ. ಕರ್ನಾಟಕದ ರೇಷ್ಮೆ ಪಟ್ಟಣಗಳಲ್ಲಿ ಸಾಲಕ್ಕೆ ಒತ್ತೆಯಿಟ್ಟ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿತು. ಆ ಅಗ್ಗದ ಕೈಗಳ ಮೇಲೆ ನಿಂತ ನೂಲು ಗುಣಮಟ್ಟದಲ್ಲೂ ಚೀನಾವನ್ನು ಮುಟ್ಟಿರಲಿಲ್ಲ. ಸ್ವಯಂಚಾಲಿತ ಯಂತ್ರ ಬಂದ ಘಟಕಗಳಲ್ಲಿ ಬೇಸಿನ್ನಿಗೆ ಕೈ ಅದ್ದುವ ಕೆಲಸ ಕಡಿಮೆಯಾಗಿದೆ. ಆದರೆ ಅಂಥ ಯಂತ್ರಕ್ಕೆ ಬೇಕಾದ ಬಂಡವಾಳ, ಒಂದೇ ಗುಣಮಟ್ಟದ ದ್ವಿತಳಿ ಗೂಡಿನ ನಿರಂತರ ಪೂರೈಕೆ ಸಣ್ಣವರ ಕೈಗೆಟುಕುವುದಿಲ್ಲ. ಅವರು ಇಂದಿಗೂ ಮಿಶ್ರತಳಿ ಗೂಡು ಕೊಂಡು, ಕಾಟೇಜ್ ಬೇಸಿನ್ನಿನಲ್ಲೇ ಬಿಚ್ಚಿ, ಹೊಕ್ಕಿನ ನೂಲಾಗಿ ಮಾರುತ್ತಿದ್ದಾರೆ.