ಅಲೋಹಾದಿಂದ ಅಡುಗೆಮನೆವರೆಗೆ: ವೈಫೈ ಹಿಗ್ಗಿಸಿದ ಕಥೆ

"ನೀನು ಸಾಫ್ಟ್‌ವೇರಲ್ಲಿದ್ದೀಯಲ್ಲ, ನಮ್ಮನೆ ಹಿಂದಿನ ರೂಮಿಗೆ ವೈಫೈ ಬರಲ್ಲ, ರಿಪೀಟರ್ ತಗೊಳ್ಳೋದಾ, ಮೆಶ್ ತಗೊಳ್ಳೋದಾ?" ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲೂ ನನ್ನಂಥವರನ್ನ ಬಿಡದ ಪ್ರಶ್ನೆ ಇದು. ನಾನು ಬರೆಯೋದು ಪ್ರೋಗ್ರಾಮು, ರೇಡಿಯೋಗೂ ನನಗೂ ಸಂಬಂಧ ಇಲ್ಲ ಅಂದರೆ ಯಾರೂ ಒಪ್ಪೋದಿಲ್ಲ :-)

ಪ್ರಶ್ನೆ ಸಣ್ಣದೇನಲ್ಲ ಬಿಡಿ. ಮಲೆನಾಡಿನ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ, ಆದರೆ ಮೊಬೈಲ್ ಸಿಗ್ನಲ್ ಬಂದಿಲ್ಲ. ಅಲ್ಲಿ ವೈಫೈ ಕಾಲಿಂಗೇ ಫೋನು. ರಾತ್ರಿ ಅಜ್ಜನಿಗೆ ಎದೆನೋವು ಬಂದರೆ ಮಲಗೋ ಕೋಣೆಯಿಂದ ಕರೆ ಹೋಗಬೇಕೇ ಹೊರತು, ಜಗಲಿಗೆ ಓಡಿ ಬಂದು ರೂಟರ್ ಪಕ್ಕ ನಿಲ್ಲೋ ಹಾಗಿರಬಾರದು. ಪೇಟೆಯಲ್ಲಾದರೆ ಮಕ್ಕಳ ಆನ್‌ಲೈನ್ ಪಾಠ, ಮನೆಯಿಂದಲೇ ಮಾಡೋ ಕೆಲಸ. ಹಾಗಾಗಿ ಸರಿಯಾದ ಡಬ್ಬಿ ಆರಿಸೋದು ಮುಖ್ಯ. ಅಂಗಡಿಯಲ್ಲಿರೋ ಪ್ರತಿ ಡಬ್ಬಿಯೂ ಒಂದು ಹಳೇ ಸಮಸ್ಯೆಗೆ ಯಾರೋ ಕೊಟ್ಟ ಉತ್ತರ. ಆ ಸಮಸ್ಯೆ ಏನು ಅಂತ ಗೊತ್ತಾದರೆ ಆಯ್ಕೆ ತಾನಾಗೇ ಸುಲಭವಾಗುತ್ತೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ, ಹವಾಯಿ ದ್ವೀಪಗಳಿಗೆ.

ಹವಾಯಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದದ್ದು ಒವಾಹು ದ್ವೀಪದಲ್ಲಿ. ಅದನ್ನ ಬಳಸಬೇಕಾದ ಕಾಲೇಜುಗಳು ಬೇರೆ ದ್ವೀಪಗಳಲ್ಲೂ ಇದ್ದವು. ನಡುವೆ ಸಮುದ್ರ. ಟೆಲಿಫೋನ್ ತಂತಿ ಬಾಡಿಗೆಗೆ ಸಿಗುತ್ತಿತ್ತು, ಆದರೆ ದುಬಾರಿ, ಗುಣಮಟ್ಟವೂ ಅಷ್ಟಕ್ಕಷ್ಟೇ. ಆಗ ನಾರ್ಮನ್ ಅಬ್ರಾಮ್ಸನ್ ಅನ್ನೋ ಪ್ರೊಫೆಸರ್ ಮತ್ತವರ ತಂಡ ತಂತಿಯನ್ನೇ ಬಿಟ್ಟು ರೇಡಿಯೋ ಹಿಡಿದರು. 1971ರ ಜೂನ್‌ನಲ್ಲಿ ಅವರ ಅಲೋಹಾನೆಟ್ ಕೆಲಸ ಶುರುಮಾಡಿತು. ವೇಗ ಸೆಕೆಂಡಿಗೆ 9600 ಬಿಟ್. (ಅಂದ ಹಾಗೆ ಈ ಅಬ್ರಾಮ್ಸನ್‌ಗೆ ಸರ್ಫಿಂಗ್ ಹುಚ್ಚು. ಹವಾಯಿಯಲ್ಲಿ ಕೆಲಸ ಹಿಡಿದದ್ದಕ್ಕೆ ಅದೂ ಒಂದು ಕಾರಣ!)

ಅಲೋಹಾದ ನಿಯಮ ತುಂಬಾ ಸರಳ. ಎಲ್ಲ ಟರ್ಮಿನಲ್‌ಗಳಿಗೂ ಒಂದೇ ತರಂಗಾಂತರ. ಹೇಳೋದಿದ್ದರೆ ಹೇಳಿಬಿಡಿ. ಇಬ್ಬರು ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ, ಇಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳಿ. ಆದರೆ ಲೆಕ್ಕ ಹಾಕಿ ನೋಡಿದಾಗ, ಈ ಪದ್ಧತಿಯಲ್ಲಿ ಚಾನೆಲ್‌ನ ಶೇಕಡಾ 18ರಷ್ಟನ್ನ ಮಾತ್ರ ನಿಜವಾಗಿ ಬಳಸೋಕಾಗುತ್ತೆ ಅಂತ ಗೊತ್ತಾಯಿತು. ಉಳಿದದ್ದೆಲ್ಲ ಡಿಕ್ಕಿಗೆ ಮತ್ತು ಮೌನಕ್ಕೆ ಹೋಗುತ್ತೆ.

ಇದನ್ನ ಓದಿ ತಲೆ ಕೆಡಿಸಿಕೊಂಡವರು ಬಾಬ್ ಮೆಟ್ಕಾಫ್. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅವರು ಈಥರ್‌ನೆಟ್ ರೂಪಿಸಿದರು. ಅದರ ಮೊದಲ ಹೆಸರಲ್ಲೇ ಅಲೋಹಾ ಇತ್ತು: ಆಲ್ಟೋ ಅಲೋಹಾ ನೆಟ್‌ವರ್ಕ್. ಹೊಸದಾಗಿ ಸೇರಿದ್ದು ನಮ್ಮ ಹಿರಿಯರು ಹೇಳಿಕೊಡೋ ಮರ್ಯಾದೆಯೇ: ಮೊದಲು ಕೇಳಿಸಿಕೋ, ಯಾರೂ ಮಾತಾಡ್ತಿಲ್ಲ ಅಂದಮೇಲೆ ಬಾಯಿ ತೆಗಿ. ಇವತ್ತಿನ ವೈಫೈ ಕೂಡ ಇದೇ ಮರ್ಯಾದೆಯಲ್ಲಿ ನಡೆಯುತ್ತೆ. ಆದರೆ ಗಾಳಿಯಲ್ಲಿ ಒಂದು ತೊಡಕಿದೆ. ಮನೆಯ ಆ ತುದಿಯ ಫೋನಿಗೆ ಈ ತುದಿಯ ಲ್ಯಾಪ್‌ಟಾಪ್ ಮಾತಾಡೋದು ಕೇಳಿಸದೇ ಇರಬಹುದು. ಇಬ್ಬರೂ "ಎಲ್ಲ ಸುಮ್ಮನಿದ್ದಾರೆ" ಅಂದುಕೊಂಡು ಒಟ್ಟಿಗೆ ಶುರುಮಾಡಿದರೆ ನಡುವೆ ಇರೋ ರೂಟರ್‌ಗೆ ಎರಡೂ ಅರ್ಥವಾಗಲ್ಲ.

ಇದೊಂದನ್ನ ನೆನಪಿಟ್ಟುಕೊಳ್ಳಿ: ಅಕ್ಕಪಕ್ಕ ಇರೋ ಡಬ್ಬಿಗಳು ಒಂದೇ ಚಾನೆಲ್‌ನಲ್ಲಿದ್ದರೆ, ಸರದಿಯಲ್ಲಿ ಮಾತಾಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಇನ್ನು ಸಿಗ್ನಲ್ ಯಾಕೆ ಹಿಂದಿನ ರೂಮಿಗೆ ತಲುಪಲ್ಲ ಅನ್ನೋದಕ್ಕೆ ಬರೋಣ. ಅದಕ್ಕೆ ಗೋಡೆಯಷ್ಟೇ ಅಲ್ಲ, ಕಾನೂನೂ ಕಾರಣ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ, ಮೂರು ಪಟ್ಟಿಗಳಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೋ ಸಂವಹನ ಮಾಡಬಹುದು ಅಂತ ತೀರ್ಮಾನಿಸಿತು. ಅವುಗಳಲ್ಲೊಂದು 2.4 ಗಿಗಾಹರ್ಟ್ಸ್, ಮೈಕ್ರೋವೇವ್ ಒಲೆಗಳು ಬಳಸೋ ಪಟ್ಟಿ. ಆಗ ಯಾರಿಗೂ ಬೇಡವಾಗಿದ್ದ ಜಾಗ ಅದು. ಷರತ್ತು: ಶಕ್ತಿ 1 ವ್ಯಾಟ್ ಮೀರಬಾರದು. ಅಂದರೆ ಅನುಮತಿ ಕೇಳಬೇಕಾಗಿಲ್ಲ, ಆದರೆ ಮೆಲ್ಲಗೆ ಮಾತಾಡಬೇಕು. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದು ಅನ್ನೋ ಈ ನಿಯಮದ ಬೆಲೆಯೇ ನಮ್ಮ ಹಿಂದಿನ ರೂಮು!

ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ರೇಡಿಯೋ ಉಪಕರಣ ಸುಮ್ಮನೆ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪೂರ್ತಿ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ಮನೆಯೊಳಗೆ ಮಾತ್ರ ಅಂತಿದ್ದ ಅನುಮತಿ ವಿಸ್ತಾರವಾಗಿ, ಇನ್ನಷ್ಟು ಜಾಗ ತೆರೆದದ್ದು 2018ರಲ್ಲಿ.

ಎಫ್‌ಸಿಸಿ ಬಾಗಿಲು ತೆರೆದ ಮೇಲೆ ಮೊದಲು ಒಳಗೆ ನುಗ್ಗಿದವರಲ್ಲಿ ಒಂದು ಎನ್‌ಸಿಆರ್, ಅಂಗಡಿಗಳ ಕ್ಯಾಷ್ ರಿಜಿಸ್ಟರ್ ಮಾಡೋ ಕಂಪನಿ. ಅಂಗಡಿಯ ಕೌಂಟರ್ ಜಾಗ ಬದಲಿಸಿದಾಗೆಲ್ಲ ನೆಲ ಅಗೆದು ತಂತಿ ಎಳೆಯೋ ಕಷ್ಟ ತಪ್ಪಿಸಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿದ್ದ ಅದರ ಎಂಜಿನಿಯರ್‌ಗಳು ವೇವ್‌ಲ್ಯಾನ್ ಮಾಡಿದರು. ಅಲ್ಲಿನವರೇ ಆದ ವಿಕ್ ಹೇಯ್ಸ್ ಮುಂದಾಳತ್ವದ ಸಮಿತಿ 1997ರಲ್ಲಿ 802.11 ಮಾನಕ ಹೊರತಂದಿತು, ವೇಗ 2 ಮೆಗಾಬಿಟ್. 1999ರಲ್ಲಿ 802.11ಬಿ ಬಂದು ಅದು 11 ಮೆಗಾಬಿಟ್ ಆಯಿತು. ಅದೇ ವರ್ಷ ಜುಲೈನಲ್ಲಿ ಆಪಲ್ 299 ಡಾಲರ್‌ಗೆ ಏರ್‌ಪೋರ್ಟ್ ಬೇಸ್ ಸ್ಟೇಷನ್ ಬಿಡುಗಡೆ ಮಾಡಿತು. ಒಳಗಿದ್ದದ್ದು ಅದೇ ವೇವ್‌ಲ್ಯಾನ್ ಕಾರ್ಡ್! 150 ಅಡಿವರೆಗೆ ಸಿಗುತ್ತೆ ಅಂತ ಜಾಹೀರಾತು. ಅಮೆರಿಕದಲ್ಲಿ ಮನೆಯೊಳಗಿನ ಗೋಡೆಗಳು ಹೆಚ್ಚಾಗಿ ಮರದ ಚೌಕಟ್ಟು, ಜಿಪ್ಸಮ್ ಹಲಗೆ. ನಮ್ಮದು ಇಟ್ಟಿಗೆ, ಕಲ್ಲು, ಆರ್‌ಸಿಸಿ. ಅವರ ಅಡಿ ಲೆಕ್ಕ ನಮ್ಮ ಮನೆಗೆ ಹೊಂದೋದು ಕಷ್ಟ.

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅನ್ನೋ ನೀಲಿ-ಕಪ್ಪು ರೂಟರ್ ಬಂತು. ಅದರೊಳಗೆ ಲಿನಕ್ಸ್ ಇದೆ ಅಂತ ಹವ್ಯಾಸಿಗಳು ಪತ್ತೆಹಚ್ಚಿದರು. ಲಿನಕ್ಸ್ ಬಳಸಿದ ಮೇಲೆ ಜಿಪಿಎಲ್ ಪ್ರಕಾರ ಸೋರ್ಸ್ ಕೋಡ್ ಕೊಡಬೇಕಲ್ಲ? ಒತ್ತಾಯ ಹೆಚ್ಚಾಗಿ 2003ರಲ್ಲಿ ಕೋಡ್ ಹೊರಬಂತು. 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಹಿಂದೆಯೇ ಡಿಡಿ-ಡಬ್ಲ್ಯುಆರ್‌ಟಿ. ಒಂದು ಅಗ್ಗದ ರೂಟರ್ ಈಗ ರಿಪೀಟರ್ ಕೂಡ ಆಗಬಲ್ಲದಾಗಿತ್ತು. ಕೆಲವರು ರೂಟರ್‌ನ ಶಕ್ತಿ ಏರಿಸಿ ನೋಡಿದರು. ಅದರಿಂದ ಅಷ್ಟೇನೂ ಉಪಯೋಗವಿಲ್ಲ. ರೂಟರ್ ಕೂಗಿದ್ದು ಫೋನಿಗೆ ಕೇಳಿಸುತ್ತೆ, ಆದರೆ ಫೋನು ಅಷ್ಟೇ ಜೋರಾಗಿ ತಿರುಗಿ ಕೂಗಬೇಕಲ್ಲ!

ರಿಪೀಟರ್‌ಗೂ ಅಲೋಹಾ ಕಾಲದ ನಿಯಮ ತಪ್ಪಲಿಲ್ಲ. ಅದು ಪ್ರತಿ ಮಾತನ್ನೂ ಮೊದಲು ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು. ಒಂದು ಮಾತಿಗೆ ಎರಡು ಸರದಿ. ಒಂದೇ ರೇಡಿಯೋ ಇರೋ ರಿಪೀಟರ್‌ನಲ್ಲಿ ವೇಗ ಹೆಚ್ಚುಕಡಿಮೆ ಅರ್ಧ. ಸರಪಣಿಯಲ್ಲಿ ಇನ್ನೊಂದು ಸೇರಿಸಿದರೆ ಮೂರನೇ ಒಂದು ಭಾಗ. ಇದು ತಯಾರಕರ ದೋಷವಲ್ಲ, ಲೆಕ್ಕ ಇರೋದೇ ಹಾಗೆ.

ಆಗ ಮೆಶ್ ಬಂತು. ಅಮೆರಿಕದ ಕೇಂಬ್ರಿಜ್ ಊರಿನಲ್ಲಿ ಎಂಐಟಿಯವರು ಮನೆಗಳ ಛಾವಣಿ ಮೇಲೆ ಆಂಟೆನಾ ಇಟ್ಟು ರೂಫ್‌ನೆಟ್ ಅನ್ನೋ ಜಾಲ ಕಟ್ಟಿದರು. ಅವರು 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ 37 ನೆಲೆಗಳ ಲೆಕ್ಕವಿದೆ. ಅಲ್ಲಿ ಕಲಿತ ದೊಡ್ಡ ಪಾಠ: ಕಡಿಮೆ ಹೆಜ್ಜೆಯ ದಾರಿಯೇ ಒಳ್ಳೇ ದಾರಿ ಅಲ್ಲ. ದೂರದ ಒಂದು ಕೆಟ್ಟ ಜಿಗಿತದಲ್ಲಿ ಹತ್ತು ಸಲ ಹೇಳಿದ್ದನ್ನೇ ಹೇಳೋದಕ್ಕಿಂತ, ಹತ್ತಿರದ ಎರಡು ಒಳ್ಳೇ ಜಿಗಿತ ಮೇಲು. ಸತ್ತ ಮೂಲೆಯಲ್ಲೇ ರಿಪೀಟರ್ ಸಿಗಿಸಬೇಡಿ, ನಡುದಾರಿಯಲ್ಲಿಡಿ ಅಂತ ಹೇಳೋದು ಇದೇ ಕಾರಣಕ್ಕೆ. ಆ ಗುಂಪಿನವರೇ 2006ರಲ್ಲಿ ಮೆರಾಕಿ ಕಂಪನಿ ಶುರುಮಾಡಿದರು, ಸಿಸ್ಕೊ ಅದನ್ನ 2012ರಲ್ಲಿ 120 ಕೋಟಿ ಡಾಲರ್‌ಗೆ ಕೊಂಡಿತು.

ಮೆಶ್ ಮನೆಯೊಳಗೆ ಬಂದದ್ದು 2016ರಲ್ಲಿ. ಈರೋ ಕಂಪನಿ ಮೂರು ಡಬ್ಬಿಗಳನ್ನ 499 ಡಾಲರ್‌ಗೆ ಮಾರಿತು. ಅದೇ ವರ್ಷ ನೆಟ್‌ಗಿಯರ್‌ನ ಆರ್ಬಿ ಮತ್ತು ಗೂಗಲ್ ವೈಫೈ ಬಂದವು. ಆರ್ಬಿ ಮಾಡಿದ ಜಾಣತನ ಅಂದರೆ, ಡಬ್ಬಿಗಳು ತಮ್ಮತಮ್ಮೊಳಗೆ ಮಾತಾಡೋಕೆ ಬೇರೆಯೇ ರೇಡಿಯೋ ಇಟ್ಟದ್ದು. ಫೋನುಗಳ ಸರದಿಗೆ ಅಡ್ಡ ಬರದ ಹಾಗೆ ಒಂದು ಬೈಪಾಸ್ ರಸ್ತೆ. ಟ್ರೈ-ಬ್ಯಾಂಡ್ ಅಂತ ಬರೆದಿದ್ದರೆ ಮೂರನೇ ರೇಡಿಯೋ ಇಂಥ ಕೆಲಸಕ್ಕೇ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಇನ್ನೊಂದು ಕವಲು ಹೋಮ್‌ಪ್ಲಗ್, 2001ರಲ್ಲೇ ಬಂದ ಮಾನಕ. ಗೋಡೆಯೊಳಗಿನ ಕರೆಂಟ್ ತಂತಿಯಲ್ಲೇ ಇಂಟರ್‌ನೆಟ್ ಕಳಿಸೋದು. ಎರಡು ಕೋಣೆ ಬೇರೆಬೇರೆ ಫೇಸ್‌ನಲ್ಲಿದ್ದರೆ, ಅಥವಾ ಒಂದು ಇನ್ವರ್ಟರ್ ಲೈನಿನಲ್ಲಿದ್ದರೆ, ಅದನ್ನ ನಂಬೋ ಹಾಗಿಲ್ಲ.

ಐವತ್ತು ವರ್ಷಕ್ಕೂ ಹೆಚ್ಚಿನ ಈ ಕಥೆಯಲ್ಲಿ ನನಗೆ ಕಾಣೋದು ಒಂದೇ. ಗಾಳಿಯ ಸರದಿಯನ್ನ ಯಾರೂ ರದ್ದು ಮಾಡಿಲ್ಲ, ಬೇರೆ ರಸ್ತೆ ಹುಡುಕಿದ್ದಾರೆ ಅಷ್ಟೇ. ಆ ರಸ್ತೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಮೆಟ್ಕಾಫ್ ಕೊಟ್ಟ ತಂತಿಯೇ. ಅಬ್ರಾಮ್ಸನ್ ಎದುರು ಸಮುದ್ರ ಇತ್ತು, ನಮ್ಮೆದುರು ಇರೋದು ಬರೀ ಒಂದು ಗೋಡೆ.

ಹಾಗಾಗಿ ಕೇಳಿದವರಿಗೆಲ್ಲ ನಾನು ಕೊಡೋ ಉತ್ತರ ಇದು. ಮೊದಲು ಖರ್ಚಿಲ್ಲದ ಕೆಲಸ: ರೂಟರನ್ನ ಮೂಲೆಯಿಂದ, ಟೀವಿ ಹಿಂದಿನಿಂದ ತೆಗೆದು ಮನೆ ನಡುವೆ ಎತ್ತರದಲ್ಲಿಡಿ. ಸಾಲದಿದ್ದರೆ ಹಿಂದಿನ ಕೋಣೆವರೆಗೆ ಒಂದು ಈಥರ್‌ನೆಟ್ ತಂತಿ ಎಳೆಸಿ, ಅದರ ತುದಿಗೆ ಆಕ್ಸೆಸ್ ಪಾಯಿಂಟ್ ಹಾಕಿ. ಮೂಲೆಯಲ್ಲಿ ಬಿದ್ದಿರೋ ಹಳೇ ರೂಟರನ್ನ ಡಿಎಚ್‌ಸಿಪಿ ಆಫ್ ಮಾಡಿ ಲ್ಯಾನ್ ತೂತಿಗೆ ತಂತಿ ಸಿಗಿಸಿದರೂ ಸಾಕು (ಎರಡು ರೂಟರ್‌ಗಳ ವಿಳಾಸ ಒಂದೇ ಆಗದ ಹಾಗೆ ನೋಡಿಕೊಳ್ಳಿ). ತಂತಿ ಎಳೆಯೋಕೆ ಆಗಲ್ಲ, ಬಾಡಿಗೆ ಮನೆ ಅಂದರೆ, ಬೇರೆ ರೇಡಿಯೋ ಇರೋ ಮೆಶ್. ಬರೀ ಫೋನ್ ಕರೆ, ವಾಟ್ಸಾಪ್ ಸಾಕು ಅನ್ನೋರಿಗೆ ರಿಪೀಟರ್ ಧಾರಾಳವಾಗಿ ಆಗುತ್ತೆ. ಅರ್ಧ ವೇಗದಲ್ಲೂ ಡಾಕ್ಟರಿಗೆ ಕರೆ ಹೋಗುತ್ತೆ. ಕರೆಂಟ್ ಹೋದಾಗಲೂ ಎಲ್ಲ ಡಬ್ಬಿಗಳಿಗೆ ಯುಪಿಎಸ್ ಇರಲಿ, ಮಳೆಗಾಲದಲ್ಲಿ ಬೇಕಾಗೋದು ಆಗಲೇ.

ಇನ್ನು ಹೊಸದಾಗಿ ಮನೆ ಕಟ್ಟಿಸೋರು ಯಾರಾದರೂ ಇದ್ದರೆ, ಗೋಡೆಗೆ ಪ್ಲಾಸ್ಟರಿಂಗ್ ಆಗೋ ಮೊದಲೇ ಎಲೆಕ್ಟ್ರೀಷಿಯನ್‌ಗೆ ಹೇಳಿ ಪ್ರತಿ ಕೋಣೆಗೂ ಒಂದು ಖಾಲಿ ಪೈಪು ಬಿಡಿಸಿಬಿಡಿ. ತಂತಿ ಯಾವಾಗ ಬೇಕಾದರೂ ಎಳೆದುಕೊಳ್ಳಬಹುದು.