ತಾಳಿಕೆಯಿಂದ ಚೇತರಿಕೆಗೆ

‘ತಾಳಿದವನು ಬಾಳಿಯಾನು’ ಎಂಬ ಗಾದೆಯು ಕಷ್ಟ ಸಹಿಸುವುದನ್ನು ಒಬ್ಬೊಬ್ಬರ ಸ್ವಂತ ಗುಣವೆಂದು ಎಣಿಸುತ್ತದೆ. ಇಂದಿನ ಮನೋವಿಜ್ಞಾನ ಹೇಳುವ ಚೇತರಿಕೆಯ ಬಲವು, ಅಂದರೆ ಪೆಟ್ಟು ತಿಂದ ಮನಸ್ಸು ಮತ್ತೆ ತನ್ನ ನೆಲೆಗೆ ಮರಳುವ ಶಕ್ತಿಯು, ಇದಕ್ಕೆ ಹತ್ತಿರದ್ದಾದರೂ ಇದೇ ಅಲ್ಲ. ಅದು ವ್ಯಕ್ತಿಯ ಸ್ವಭಾವವನ್ನು ಎಷ್ಟು ಅವಲಂಬಿಸಿದೆಯೋ ಅಷ್ಟೇ ಮನೆ, ಶಾಲೆ, ನೆರೆಹೊರೆಗಳನ್ನೂ ಅವಲಂಬಿಸಿದೆ. ಒಬ್ಬರ ಹೆಗಲ ಮೇಲಿದ್ದ ಈ ಹೊಣೆ ಹಲವರ ಹೆಗಲಿಗೆ ಹಂಚಿಹೋದ ಚರಿತ್ರೆಯನ್ನು ಮೈಸೂರಿನ ಜಯಲಕ್ಷ್ಮಿಪುರಂ ಪರಿಸರದಿಂದಲೇ ಗುರುತಿಸುತ್ತ ಹೋಗಬಹುದು.

ಈ ಬಡಾವಣೆಯ ನೆರೆಯಲ್ಲಿರುವ ಮಾನಸಗಂಗೋತ್ರಿಯು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ 1960ರಲ್ಲಿ ರೂಪುಗೊಂಡಿತು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮಿವಿಲಾಸವೂ, ಮನೋವಿಜ್ಞಾನದ ಅಧ್ಯಯನ ವಿಭಾಗವೂ ಇಂದು ಅದರ ಆವರಣದಲ್ಲಿವೆ. ಆದರೆ ಈ ವಿಭಾಗ ಹುಟ್ಟಿದ್ದು ಮಹಾರಾಜ ಕಾಲೇಜಿನಲ್ಲಿ, 1924ರಲ್ಲಿ. ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ಪ್ರಯೋಗಾಲಯವನ್ನು ಕಟ್ಟಿ, ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಜನಜೀವನಕ್ಕೆ ಒಗ್ಗಿಸುವ ಕೆಲಸಕ್ಕೆ ತೊಡಗಿದರು. ಮನಸ್ಸನ್ನು ಅಳೆಯುವ ವಿದ್ಯೆ ಹೀಗೆ ಮೈಸೂರಿನಲ್ಲಿ ನೆಲೆಗೊಂಡಿತಾದರೂ, ನೊಂದ ಮನಸ್ಸನ್ನು ಆರೈಕೆ ಮಾಡುವ ಕೆಲಸ ಇನ್ನೊಂದು ಊರಿನಲ್ಲಿ, ಇನ್ನೊಂದು ದಾರಿಯಲ್ಲಿ ಸಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ ಎನಿಸಿಕೊಂಡಿದ್ದ ಆಲಯಕ್ಕೆ ಮೈಸೂರು ಸರ್ಕಾರ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರನ್ನಿತ್ತಿತು. ಅಲ್ಲಿಯೇ 1954ರಲ್ಲಿ ಎಂ.ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಇದೇ ದಶಕದಲ್ಲಿ ಅಲ್ಲಿ ಬೆಳೆದ ಕುಟುಂಬ ವಾರ್ಡಿನ ಪದ್ಧತಿ, ಎಂದರೆ ರೋಗಿಯೊಡನೆ ಮನೆಯವರೂ ಬಂದು ತಂಗಿ ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವ ಏರ್ಪಾಡು, ಈ ಚರಿತ್ರೆಯ ದೊಡ್ಡ ತಿರುವು. ಕಾಯಿಲೆ ಬಿದ್ದವರನ್ನು ಒಂಟಿಯಾಗಿ ಬಿಡದ ಇಲ್ಲಿನ ರೂಢಿಯನ್ನು ವೈದ್ಯಕೀಯ ಅಡ್ಡಿಯೆಂದು ನೋಡದೆ ಆಸರೆಯೆಂದು ಬಗೆದ ಕಾರಣ, ಮನೆಯೊಳಗಿನ ಜಗಳ, ಅತಿ ನಿರೀಕ್ಷೆ, ಮಾತು ಬಿಟ್ಟ ಮೌನ ಇವೂ ವೈದ್ಯರ ಗಮನಕ್ಕೆ ಬರುವುದು ಸಾಧ್ಯವಾಯಿತು. 1976ರಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಆರಂಭವಾದ ಗ್ರಾಮೀಣ ಘಟಕವೂ, 1985ರಲ್ಲಿ ಬಳ್ಳಾರಿಯಲ್ಲಿ ನಡೆದ ಜಿಲ್ಲಾ ಮಟ್ಟದ ಪ್ರಯೋಗವೂ ಈ ಆರೈಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಒಯ್ದವು. ವೈದ್ಯ ಲೇಖಕ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು, ಮನೋರೋಗದ ವಿಚಾರ ಕನ್ನಡದ ಓದುಗರ ನಡುವೆಯೂ ಮನ್ನಣೆ ಪಡೆದುದಕ್ಕೆ ಸಾಕ್ಷಿ.

ರೋಗ ಬಂದ ಮೇಲಿನ ಆರೈಕೆಯಿಂದ ರೋಗಕ್ಕೆ ಮುನ್ನಿನ ಸಿದ್ಧತೆಗೆ ದೃಷ್ಟಿ ಹೊರಳಿದ್ದು ನಂತರದ ಹಂತ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ನಿರೂಪಿಸಿದ ಹತ್ತು ಜೀವನ ಕೌಶಲಗಳಲ್ಲಿ ತನ್ನನ್ನು ತಾನು ಅರಿಯುವುದು, ಪರರ ನೋವನ್ನು ಬಗೆಯುವುದು, ಭಾವೋದ್ವೇಗ ಮತ್ತು ಒತ್ತಡಗಳನ್ನು ನಿಭಾಯಿಸುವುದು ಸೇರಿವೆ. ಇವುಗಳನ್ನು ಶಾಲೆಯ ಶಿಕ್ಷಕರೇ ಹದಿಹರೆಯದವರಿಗೆ ಕಲಿಸಬಹುದಾದ ಕ್ರಮವನ್ನು ನಿಮ್ಹಾನ್ಸ್ ರೂಪಿಸಿತು. ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜಿಲ್ಲೆಗಳಲ್ಲಿ ನಡೆಸಿದ ‘ಯುವ ಸ್ಪಂದನ’ ಯೋಜನೆಯು ‘ಯುವ ಪರಿವರ್ತಕ’ರೆಂಬ ತರಬೇತಿ ಪಡೆದ ಯುವಜನರನ್ನೇ ಅವರ ಓರಗೆಯವರ ನೆರವಿಗೆ ನಿಲ್ಲಿಸಿತು.

ಈ ಒಂದು ಶತಮಾನದ ನಡೆಯನ್ನು ಒಟ್ಟಾಗಿ ನೋಡಿದರೆ, ಎಳೆಯರಿಗೆ ‘ಗಟ್ಟಿಯಾಗಿರು’ ಎಂದು ಬುದ್ಧಿ ಹೇಳುವುದಕ್ಕಿಂತ ಅವರು ಕುಸಿದಾಗ ಹಿಡಿದೆತ್ತುವ ಕೈಗಳನ್ನು ಹೆಚ್ಚಿಸುವುದೇ ಫಲಕಾರಿಯೆಂಬ ತಿಳಿವಳಿಕೆ ಕ್ರಮೇಣ ಬಲಿತದ್ದು ಕಾಣುತ್ತದೆ. ಗಾದೆ ಹೇಳಿದ ತಾಳ್ಮೆಗೆ ಬೆಲೆಯಿದೆ, ಆದರೆ ಆಸರೆಯಿಲ್ಲದ ತಾಳ್ಮೆ ಚೇತರಿಕೆಯಾಗುವುದಿಲ್ಲ. ಅಂಥ ಆಸರೆಯ ಒಂದು ರೂಪವಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮೇಲ್ವಿಚಾರಣೆಯ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಇಂದು ಕನ್ನಡದಲ್ಲಿಯೂ ಉಚಿತವಾಗಿ ಆಪ್ತಸಲಹೆ ದೊರೆಯುತ್ತದೆ.