ಅಡಿಬರಹದಲ್ಲಿ ಹೆಸರಿಲ್ಲದವರು

ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಯಾರು ಎಂದು ಕೇಳಿದರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರೇ ಆದರೂ ತಟ್ಟನೆ ಎಚ್.ವಿ. ನಂಜುಂಡಯ್ಯ ಎನ್ನುತ್ತಾರೆ. 1915ರಲ್ಲಿ ಪರಿಷತ್ತು, ಮರುವರ್ಷ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಸ್ಥಾನ. ಇದೇ ನಂಜುಂಡಯ್ಯನವರು ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಜನಾಂಗೀಯ ಸಮೀಕ್ಷೆಯ ಹೊಣೆ ಹೊತ್ತಿದ್ದರು ಎಂಬ ಮಾತು ಮಾತ್ರ ನಾನು ಓದಿದ ಯಾವ ಗೈಡಿನಲ್ಲೂ ಇರಲಿಲ್ಲ. ಅವರು ಕೂಡಿಸಿಟ್ಟ ಸಾಮಗ್ರಿಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದರು. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಕುರಿತ ಆ ಇಂಗ್ಲಿಷ್ ಗ್ರಂಥ 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರಬಂತು. ನಂಜುಂಡಯ್ಯನವರು ಅದನ್ನು ನೋಡಲಿಲ್ಲ, 1920ರಲ್ಲೇ ತೀರಿಕೊಂಡಿದ್ದರು.

ನನ್ನ ಪಿಎಚ್.ಡಿ. ಇಂಥ ಪುಸ್ತಕಗಳ ಮೇಲೆ. ಹೀಗಾಗಿ ಚಾಮರಾಜಪೇಟೆಯ ಪರಿಷತ್ತಿನ ಮುಂದೆ ಹಾದುಹೋಗುವಾಗಲೆಲ್ಲ ಕನ್ನಡದ ಮನೆ ಕಟ್ಟಿದ ಕೈ ಮತ್ತು ಜನರನ್ನು ಪಟ್ಟಿ ಮಾಡಿದ ಕೈ ಒಂದೇ ಆಗಿತ್ತಲ್ಲ ಎಂದು ನೆನಪಾಗುತ್ತದೆ. ಇದು ದೂರಲ್ಲ. ಆ ಕಾಲದ ಓದಿದವರಿಗೆ ಎರಡೂ ನಾಡಿನ ಕೆಲಸವೇ. ಆದರೆ ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಕಳೆದ ವರ್ಷ ಒಂದು ಅಧ್ಯಾಯಕ್ಕೆ ಚಿತ್ರ ಬೇಕಾಯಿತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಕೆ. ರಂಗಾಚಾರಿಯವರ ನೆರವಿನಿಂದ ಪ್ರಕಟಿಸಿದ ಏಳು ಸಂಪುಟಗಳನ್ನು ತಿರುವಿಹಾಕಿದೆ. ಒಬ್ಬ ಹೆಂಗಸಿನ ಚಿತ್ರ ಸಿಕ್ಕಿತು. ನೆಟ್ಟಗೆ ನಿಂತಿದ್ದಾಳೆ, ಕೈಗಳನ್ನು ಏನು ಮಾಡಬೇಕೆಂದು ತೋಚದವಳಂತೆ. ಅಡಿಬರಹದಲ್ಲಿ ಇರುವುದು ಅವಳ ಸಮುದಾಯದ ಹೆಸರು ಮಾತ್ರ. ಕರಡಿನಲ್ಲಿ ‘ಚಿತ್ರ 4’ ಎಂದು ಸೇರಿಸಿ, ಆ ಹೆಸರನ್ನೇ ಕೆಳಗೆ ಟೈಪು ಮಾಡಿದೆ.

ಅದೇ ವಾರ ಬಸವನಗುಡಿಯ ಮನೆಯಲ್ಲಿ ಅಟ್ಟ ಗುಡಿಸುವಾಗ ಅಜ್ಜಿಯ ಫೋಟೋ ಸಿಕ್ಕಿತು. ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ, ಕಂಬ, ಅರ್ಧ ಚಂದ್ರ. ಅಜ್ಜಿಯೂ ನೆಟ್ಟಗೆ ನಿಂತಿದ್ದಾಳೆ. ಅವಳಿಗೂ ಕೈಗಳದ್ದೇ ಸಮಸ್ಯೆ. ತಿರುಗಿಸಿದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಅವಳ ಹೆಸರು, ಇಸವಿ. ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತೆ. ಪುಷ್ಪಮಾಲಾ ಎನ್. ಅವರ ಕೆಲಸ ನನಗೆ ನಿಜವಾಗಿ ಅರ್ಥವಾಗತೊಡಗಿದ್ದು ಆಗ.

ಪುಷ್ಪಮಾಲಾ 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಶಿಲ್ಪಕಲೆ ಕಲಿತದ್ದು ಬರೋಡಾದಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ಶಿಲ್ಪದಿಂದ ಕ್ಯಾಮೆರಾದ ಕಡೆಗೆ ಹೊರಳಿದರು, ಆದರೆ ಕ್ಯಾಮೆರಾದ ಹಿಂದಕ್ಕಲ್ಲ, ಮುಂದಕ್ಕೆ. ವೇಷ ಹಾಕಿ, ರಂಗಸಜ್ಜಿಕೆ ಕಟ್ಟಿಸಿ, ತಾವೇ ಪಾತ್ರವಾಗಿ ನಿಂತು ತೆಗೆಸುವ ಈ ಚಿತ್ರಗಳನ್ನು ಅವರು ಫೋಟೋ ಪರ್ಫಾರ್ಮೆನ್ಸ್ ಎನ್ನುತ್ತಾರೆ. ತಮ್ಮ ಅರೆ ಕಾಲ್ಪನಿಕ ಸಂಸ್ಥೆಯೊಂದಕ್ಕೆ ಇಟ್ಟ ಹೆಸರು ‘ಸೋಂಬೇರಿ ಕಟ್ಟೆ’. ನಮ್ಮ ಊರುಗಳ ಅರಳಿಕಟ್ಟೆ ಕಂಡವರಿಗೆ ಆ ತುಂಟತನವನ್ನು ವಿವರಿಸಬೇಕಿಲ್ಲ.

2000ದಿಂದ 2004ರವರೆಗೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ಬೆಂಗಳೂರಿನಲ್ಲಿ ಒಂದು ದೊಡ್ಡ ಯೋಜನೆ ಮಾಡಿದರು. ಹೆಸರು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’. ವಸಾಹತು ಕಾಲದ ಪುಸ್ತಕದ ಹಳೆಯ ಶೀರ್ಷಿಕೆಯಂತೆಯೇ ಕೇಳಿಸುತ್ತದೆ, ಕೇಳಿಸಲೆಂದೇ ಇಟ್ಟದ್ದು. ದಕ್ಷಿಣ ಭಾರತದ ಹೆಣ್ಣನ್ನು ತೋರಿಸಿದ ಹಲವು ಬಗೆಯ ಚಿತ್ರಗಳನ್ನು ಹೆಕ್ಕಿ ಅವನ್ನು ಮತ್ತೆ ನಟಿಸಿದರು: ರವಿವರ್ಮನ ಬೆಳದಿಂಗಳ ಹೆಣ್ಣು, ಬಿಜಾಪುರದ ಕಿರುಚಿತ್ರದ ಯೋಗಿನಿ, ವೇಲಾಂಕಣಿ ಮಾತೆ, ಸಿನಿಮಾದ ನಾಯಕಿ, ಪತ್ರಿಕೆಯಲ್ಲಿ ಬಂದ ಪೊಲೀಸ್ ಚಿತ್ರದ ಹೆಂಗಸರು, ಮಾನವಮಾಪನದ ಚಿತ್ರದ ತೊದವ ಹೆಣ್ಣು. ಕ್ಲೇರ್ ಬಿಳಿಯರು, ಪುಷ್ಪಮಾಲಾ ಕಪ್ಪು. ಇಬ್ಬರೂ ಬಹುಕಾಲ ದಕ್ಷಿಣ ಭಾರತದಲ್ಲೇ ಬದುಕಿದವರು. ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಅವರು ಈ ಜೋಡಿಯ ಒಳಗಿನಿಂದಲೇ ಎತ್ತಿದರು.

ನನ್ನನ್ನು ಕಾಡಿದ್ದು ಕೊನೆಯ ಚಿತ್ರ. ಹಿಂದೆ ಕಪ್ಪು ಬಿಳುಪಿನ ಚೌಕುಳಿ ಪರದೆ, ಮುಂದೆ ನಿಂತ ಹೆಣ್ಣು. ಆ ಚೌಕುಳಿಗೂ ಚರಿತ್ರೆಯಿದೆ. 1869ರಲ್ಲಿ ಜೆ.ಎಚ್. ಲ್ಯಾಂಪ್ರೆ ಎಂಬಾತ ಮರದ ಚೌಕಟ್ಟಿಗೆ ಎರಡೆರಡು ಅಂಗುಲಕ್ಕೆ ರೇಷ್ಮೆ ದಾರ ಕಟ್ಟಿ, ಅದರ ಮುಂದೆ ಬೆತ್ತಲೆ ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಚೌಕ ಎಣಿಸಿದರೆ ಅಳತೆ ಸಿಗುತ್ತದೆ. ಒಂದು ದೇಶದ ಮೈಯನ್ನು ಇನ್ನೊಂದು ದೇಶದ ಮೈಯ ಜೊತೆ ಹೋಲಿಸಬಹುದು. 1890ರ ದಶಕದಲ್ಲಿ ಎಂ.ವಿ. ಪೋರ್ಟ್‌ಮನ್ ಅಂಡಮಾನಿನ ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ.

ಅಳತೆ ಚಿತ್ರಕ್ಕೆ ನಿಲ್ಲಲಿಲ್ಲ. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ ಮತ್ತು ಉದ್ದದ ಪ್ರಮಾಣ ಲೆಕ್ಕಹಾಕಿ, ಮೂಗು ಅಗಲವಾದಷ್ಟೂ ಜಾತಿಯ ಏಣಿಯಲ್ಲಿ ಸ್ಥಾನ ಕೆಳಗೆ ಎಂದು ವಾದಿಸಿದ. ಜಾತಿಯೆಂಬುದು ರಕ್ತದಲ್ಲಿ, ಎಲುಬಿನಲ್ಲಿ ಇದೆ ಎಂದು ತೋರಿಸುವ ಹವಣಿಕೆ ಅದು. ಮದರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಥರ್ಸ್ಟನ್ ಅಲ್ಲಿಗೆ ಬಂದವರನ್ನೂ ಅಳೆಯುತ್ತಿದ್ದ, ಪೊಲೀಸರಿಗೂ ಮಾನವಮಾಪನದ ಪಾಠ ಹೇಳುತ್ತಿದ್ದ. ಅತ್ತ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. ಅದು ದೇಶದಾದ್ಯಂತ ಪೂರ್ತಿ ತೊಲಗಿದ್ದು 1952ರಲ್ಲಿ. ತೊದವ ಹೆಣ್ಣಿನ ಚಿತ್ರ ಮತ್ತು ಪೊಲೀಸ್ ಚಿತ್ರ ಎರಡನ್ನೂ ಒಂದೇ ಯೋಜನೆಯಲ್ಲಿ ಇಟ್ಟ ಪುಷ್ಪಮಾಲಾ ಈ ನಂಟನ್ನು ಒಂದು ಸಾಲೂ ಬರೆಯದೆ ಹೇಳಿಬಿಟ್ಟಿದ್ದಾರೆ. ನಾನು ಅದಕ್ಕೆ ಅರವತ್ತು ಪುಟ ತೆಗೆದುಕೊಂಡೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನವರು ‘ರೇಸ್’ ಎನ್ನುವುದಕ್ಕೆ ನಾವು ‘ಜನಾಂಗ’ ಎನ್ನುತ್ತೇವೆ. ಹೆಣ್ಣು ನೋಡಲು ಬಂದವರು ‘ನಮ್ಮ ಜನಾಂಗದವರೇ ತಾನೇ?’ ಎಂದು ಕೇಳಿದಾಗಲೂ ಅದೇ ಪದ. ವರ್ಣಭೇದ ದೂರದ ಅಮೆರಿಕದ್ದು, ದಕ್ಷಿಣ ಆಫ್ರಿಕಾದ್ದು ಎಂದು ಪಠ್ಯದಲ್ಲಿ ಓದುವ ನಾವು, ನಡುಮನೆಯಲ್ಲಿ ಅದೇ ಪದವನ್ನು ಕಾಫಿ ಲೋಟದ ಜೊತೆ ದಾಟಿಸುತ್ತೇವೆ. ರಿಸ್ಲಿ ಬೆಸೆಯಲು ಹೊರಟದ್ದನ್ನು ನಮ್ಮ ನಾಲಿಗೆ ಇನ್ನೂ ಬಿಡಿಸಿಲ್ಲ.

ಇಷ್ಟೆಲ್ಲ ಮೆಚ್ಚುಗೆಯ ನಡುವೆಯೂ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಗರದ, ಓದಿದ, ಇಂಗ್ಲಿಷ್ ಬಲ್ಲ ಕಲಾವಿದೆ ತೊದವ ಹೆಣ್ಣಿನ ವೇಷ ಹಾಕಬಹುದೇ? ಸಂಜೆ ವೇಷ ಕಳಚಿ ಅವರು ಮನೆಗೆ ಹೋಗಬಲ್ಲರು. ಮೂಲ ಚಿತ್ರದ ಹೆಂಗಸಿಗೆ ಆ ಅನುಕೂಲ ಇರಲಿಲ್ಲ. ಅವಳ ಪರವಾಗಿ ಇವರು ನಿಂತಾಗ ಅವಳು ಎರಡನೆಯ ಸಲ ಮರೆಗೆ ಸರಿಯುವುದಿಲ್ಲವೇ? ವಿಚಾರಸಂಕಿರಣವೊಂದರಲ್ಲಿ ಕಿರಿಯ ವಿದ್ಯಾರ್ಥಿನಿಯೊಬ್ಬಳು ನನಗೆ ಈ ಪ್ರಶ್ನೆ ಹಾಕಿದಳು. ‘ಪುಷ್ಪಮಾಲಾ ಅವರನ್ನು ಬಿಡಿ ಅಕ್ಕಾ, ನೀವೂ ಅದನ್ನೇ ಮಾಡ್ತಿದೀರಲ್ಲ’ ಎಂದೂ ಸೇರಿಸಿದಳು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ.

ನನ್ನ ಉತ್ತರ ಇಷ್ಟು. ಪುಷ್ಪಮಾಲಾ ಅವಳಾಗಲು ಹೊರಟಿಲ್ಲ. ವೇಷ ವೇಷವೆಂದೇ ಕಾಣುತ್ತದೆ. ಯೋಜನೆಯ ಒಂದು ಸರಣಿ ತಯಾರಿಯನ್ನೇ, ಅಂದರೆ ಸಜ್ಜಿಕೆ ಕಟ್ಟುವುದನ್ನು, ವೇಷ ತೊಡುವುದನ್ನು ತೋರಿಸುತ್ತದೆ. ವಸಾಹತು ಛಾಯಾಚಿತ್ರ ಬಚ್ಚಿಟ್ಟದ್ದು ಇದನ್ನೇ: ಅಲ್ಲೂ ಪರದೆ ಕಟ್ಟಲಾಗಿತ್ತು, ಹೀಗೆ ನಿಲ್ಲು ಎಂದು ಯಾರೋ ಹೇಳಿದ್ದರು, ಹಾಗಿದ್ದೂ ಅದು ‘ವಿಜ್ಞಾನ’ ಎನಿಸಿಕೊಂಡಿತು. ಪುಷ್ಪಮಾಲಾ ತಮ್ಮದೇ ಮೈಯನ್ನು ಚೌಕುಳಿಯ ಮುಂದೆ ಇಟ್ಟಾಗ ನಮ್ಮ ಕಣ್ಣು ಹೆಂಗಸಿನಿಂದ ಪರದೆಯ ಕಡೆಗೆ ಹೊರಳುತ್ತದೆ. ಅಳೆಯಬೇಕಾದದ್ದು ಅಳತೆಗೋಲನ್ನೇ ಎಂದು ಹೊಳೆಯುತ್ತದೆ. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆ ಇದರಿಂದ ಪೂರ್ತಿ ಮುಗಿಯುವುದಿಲ್ಲ. ಕಳೆದುಹೋದ ಹೆಸರನ್ನು ಕಲೆ ಮರಳಿ ತರಲಾರದು. ಅದು ಕಳೆದುಹೋದದ್ದು ಹೇಗೆಂದು ಮಾತ್ರ ತೋರಿಸಬಲ್ಲದು.

ಸಂಶೋಧನೆಯ ಪಾಲೂ ಅಷ್ಟೇ ಇರಬಹುದು. ‘ಚಿತ್ರ 4’ನ್ನು ತೆಗೆದುಹಾಕಿದರೆ ನನ್ನ ಕೈ ಶುದ್ಧವಾಗುತ್ತದೆ, ಆದರೆ ಅವಳು ಇನ್ನಷ್ಟು ಕಾಣದಾಗುತ್ತಾಳೆ. ಹಾಗೇ ಬಿಟ್ಟರೆ ಥರ್ಸ್ಟನ್ನನ ಮಾತನ್ನು ನಾನೇ ಮತ್ತೆ ಅಚ್ಚು ಹಾಕಿದಂತೆ. ಕೊನೆಗೆ ಚಿತ್ರ ಉಳಿಸಿಕೊಂಡು ಅಡಿಬರಹ ಬದಲಿಸಿದೆ: ‘ಒಬ್ಬ ಹೆಂಗಸು. ಚಿತ್ರ ಅಚ್ಚಾದ ಪುಸ್ತಕ ಅವಳ ಹೆಸರನ್ನು ಕೊಟ್ಟಿಲ್ಲ. ಅವಳನ್ನು ಒಂದು ಸಮುದಾಯದ ಮಾದರಿಯೆಂದು ಪರಿಚಯಿಸಿದೆ.’ ಅಡಿಬರಹ ಉದ್ದವಾಯಿತು, ಮೊಟಕು ಮಾಡಿ ಎಂದರು ಮಾರ್ಗದರ್ಶಕರು. ಮೂರು ಸಾಲಿನ ಬಗ್ಗೆ ಇಬ್ಬರೂ ಅರ್ಧ ಗಂಟೆ ಜಗ್ಗಾಡಿದೆವು. ಸದ್ಯಕ್ಕೆ ಮೂರೂ ಸಾಲು ಉಳಿದಿವೆ.

ಅಜ್ಜಿಯ ಫೋಟೋಗೆ ಕಟ್ಟು ಹಾಕಿಸಿದೆ. ಅಂಗಡಿಯವನು ಹಿಂಬದಿಗೆ ರಟ್ಟು ಅಂಟಿಸಲು ಹೊರಟಾಗ ತಡೆದು, ಅಲ್ಲಿ ಬರೆದದ್ದು ಮುಚ್ಚಬಾರದು ಎಂದೆ. ‘ಹಿಂದುಗಡೆ ಯಾರು ನೋಡ್ತಾರೆ ಮೇಡಂ?’ ಎಂದ. ನಾನು ನೋಡ್ತೀನಿ ಎಂದೆ.